ಅಂಟುವಾಳದ ನೊರೆ

ಚಿಕ್ಕಪೇಟೆಯ ಗ್ರಂಧಿಗೆ ಅಂಗಡಿಯಿಂದ ಕಾಲು ಕೆ.ಜಿ. ಅಂಟುವಾಳದ ಒಣಕಾಯಿ (ಸೋಪ್‌ನಟ್) ತಂದು, ಬೀಜ ಬಿಡಿಸಿ, ರಾತ್ರಿಯಿಡೀ ನೆನೆಸಿ, ಇಂದು ಬೆಳಿಗ್ಗೆ ಕೈಯಲ್ಲಿ ಕಿವುಚಿದಾಗ ಪಾತ್ರೆಯ ತುಂಬ ಎದ್ದ ನೊರೆಯನ್ನು ಕಂಡ ಮೇಲೆಯೇ, ಅಮ್ಮನ ರೇಷ್ಮೆ ಸೀರೆಯನ್ನು ಅದರಲ್ಲಿ ಅದ್ದುವ ಧೈರ್ಯ ನನಗೆ ಬಂತು. ಬಣ್ಣ ಕದಡಲಿಲ್ಲ, ಹೊಳಪು ಮಾಸಲಿಲ್ಲ.

ನೊರೆಯ ಗುಟ್ಟು ಇರುವುದು ಬೀಜದಲ್ಲಲ್ಲ, ಸಿಪ್ಪೆಯಲ್ಲಿ. ಅಲ್ಲಿರುವ ಸಪೋನಿನ್ ಎಂಬ ನೊರೆಗಟ್ಟುವ ವಸ್ತುವಿನ ಅಣುವಿನ ಒಂದು ತುದಿ ನೀರಿಗೂ ಇನ್ನೊಂದು ತುದಿ ಜಿಡ್ಡಿಗೂ ಒಲಿಯುವುದರಿಂದ, ಅದು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ಕೊಳೆಯನ್ನು ನೂಲಿನಿಂದ ಬಿಡಿಸಿ ನೀರಿನೊಡನೆ ಒಯ್ಯುತ್ತದೆ. ಸಾಬೂನಿನ ಕ್ಷಾರಗುಣ ಇದಕ್ಕಿಲ್ಲ. ಆದ್ದರಿಂದಲೇ ರೇಷ್ಮೆಗೂ ಉಣ್ಣೆಗೂ ಇದು ಹಿತ, ಅಕ್ಕಸಾಲಿಗರಿಗೆ ಒಡವೆ ತೊಳೆಯಲು ಬೇಕಾದದ್ದೂ ಇದೇ.

ಸಪಿಂಡಸ್ ಎಂಬ ಇದರ ಸಸ್ಯಶಾಸ್ತ್ರೀಯ ಕುಲನಾಮಕ್ಕೆ ‘ಭಾರತದ ಸಾಬೂನು’ ಎಂದೇ ಅರ್ಥ. ನಮ್ಮ ದಕ್ಷಿಣದ ಮರ ಸಪಿಂಡಸ್ ಟ್ರೈಫೋಲಿಯೇಟಸ್, ಹಿಮಾಲಯದ ತಪ್ಪಲಿನದು ಸಪಿಂಡಸ್ ಮುಕೊರೊಸ್ಸಿ. ಎರಡೂ ಲಿಚಿ ಹಣ್ಣಿನ ಬಂಧುಗಳು. ಅಂಟುವಾಳದಲ್ಲಿ ಬಟ್ಟೆ ತೊಳೆಯುವ, ಅಜ್ಜಿಗೆ ಸಹಜವಾಗಿದ್ದ ತಿಳಿವಳಿಕೆ ಎರಡೇ ತಲೆಮಾರಿನಲ್ಲಿ ನಮ್ಮ ಮನೆಯಿಂದ ಮರೆಯಾದದ್ದು ನನ್ನನ್ನು ನಿಜವಾಗಿ ನೋಯಿಸಿತು.

ನೊರೆನೀರು ಕಣ್ಣಿಗೆ ತಗುಲಿದರೆ ಉರಿಯುತ್ತದೆ, ಮೀನುಗಳಿಗಂತೂ ವಿಷ. ಅದನ್ನು ಕೆರೆಗೆ ಸುರಿಯಬಾರದು. ಕಲ್ಲಿನಷ್ಟು ಗಟ್ಟಿಯಾದ ಕಪ್ಪು ಬೀಜಗಳಲ್ಲಿ ನಾಲ್ಕನ್ನು ಕುಂಡದಲ್ಲಿ ಊರಿದ್ದೇನೆ.