ಮೆಟಾವರ್ಸ್ ಷೇರು ಕೊಳ್ಳುವ ಮುನ್ನ ಯಾವ ಪುಟ ತೆರೆಯಬೇಕು?

ಮೆಟಾವರ್ಸ್ ಎಂದರೆ ಕಂಪ್ಯೂಟರ್ ಸೃಷ್ಟಿಸಿದ, ಜನ ಒಟ್ಟಾಗಿ ಒಳಹೊಕ್ಕು ಓಡಾಡುವ ಲೋಕ. ಅದನ್ನೇ ಗುರಿಯಾಗಿಟ್ಟುಕೊಂಡು 2021ರ ಅಕ್ಟೋಬರ್ 28ರಂದು ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನು ಮೆಟಾ ಎಂದು ಬದಲಿಸಿತು. ಅದರ ಬೆನ್ನಿಗೇ ಕೆನಡಾದ ಮೆಟಾ ಮೆಟೀರಿಯಲ್ಸ್ ಎಂಬ ಕಂಪನಿಯ ಷೇರು ಜಿಗಿಯಿತು. ಅದಕ್ಕೂ ಫೇಸ್‌ಬುಕ್ಕಿಗೂ ಎಳ್ಳಷ್ಟೂ ಸಂಬಂಧವಿರಲಿಲ್ಲ. 2024ರ ಆಗಸ್ಟ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಕೇಳಿದ್ದೇವೆ. ಇಲ್ಲಿ ಪಕ್ಕದ ಮನೆಯ ಕೂಸಿಗೆ ಹೊಲಿಸಿದ್ದರು.

ಕಂಪನಿ ಎಷ್ಟು ಸಿದ್ಧವಾಗಿದೆ ಎಂಬುದು ಪತ್ರಿಕಾ ಪ್ರಕಟಣೆಯಲ್ಲಿ ಸಿಗುವುದಿಲ್ಲ. ವಾರ್ಷಿಕ ವರದಿಯಲ್ಲಿ ವಿಭಾಗವಾರು ಲೆಕ್ಕ ಕೊಟ್ಟಿರುವ ಟಿಪ್ಪಣಿ ತೆರೆಯಿರಿ. ಮೆಟಾದಲ್ಲಿ ಮೆಟಾವರ್ಸ್ ಕೆಲಸದ ವಿಭಾಗದ ಹೆಸರು ರಿಯಾಲಿಟಿ ಲ್ಯಾಬ್ಸ್. 2021ರಲ್ಲಿ ಅದರ ಆದಾಯ ಸುಮಾರು 227 ಕೋಟಿ ಡಾಲರ್, ನಷ್ಟ 1,019 ಕೋಟಿ. 2024ರಲ್ಲಿ ಆದಾಯ ಸುಮಾರು 215 ಕೋಟಿ, ನಷ್ಟ 1,773 ಕೋಟಿ. ಆದಾಯ ನಿಂತಲ್ಲೇ ನಿಂತಿದೆ, ಖರ್ಚು ಮಾತ್ರ ಬೆಳೆದಿದೆ. ಜಾಹೀರಾತಿನ ಲಾಭ ಇರುವುದರಿಂದ ಮೆಟಾ ಇದನ್ನು ತಾಳಿಕೊಂಡಿತು. ಇದೊಂದನ್ನೇ ನಂಬಿದ ಸಣ್ಣ ಕಂಪನಿಯಾದರೆ, ಕೈಯಲ್ಲಿರುವ ನಗದನ್ನು ಮೂರು ತಿಂಗಳಿಗೆ ಕರಗುವ ಹಣದಿಂದ ಭಾಗಿಸಿ ನೋಡಿ. ಉತ್ತರ ಆರಕ್ಕಿಂತ ಕಡಿಮೆ ಬಂದರೆ, ಅಂದರೆ ಒಂದೂವರೆ ವರ್ಷಕ್ಕೂ ಸಾಲದಿದ್ದರೆ, ಹೊಸ ಷೇರು ಹೊರಡಿಸಿ ನಿಮ್ಮ ಪಾಲನ್ನು ತೆಳುವಾಗಿಸುವ ಸಂಭವ ಹೆಚ್ಚು.

ಹೆಚ್ಚು ಜನ ಎಡವುವುದು ಆನ್‌ಲೈನ್ ಆಟಗಳ ತಾಣ ನಡೆಸುವ ರೋಬ್ಲಾಕ್ಸ್‌ನಂಥ ಕಂಪನಿಗಳಲ್ಲಿ. 2021ರಲ್ಲಿ ಅದರ ಬುಕಿಂಗ್ಸ್ ಸುಮಾರು 273 ಕೋಟಿ ಡಾಲರ್, ಆದಾಯ 192 ಕೋಟಿ. ಎರಡೂ ಸರಿಯೇ. ಮಗು ಇಂದು ದುಡ್ಡು ಕೊಟ್ಟು ಆಟದೊಳಗಿನ ನಾಣ್ಯವಾದ ರೋಬಕ್ಸ್ ಕೊಂಡರೆ ಆ ಪೂರ್ತಿ ಮೊತ್ತ ಬುಕಿಂಗ್ಸ್‌ಗೆ ಸೇರುತ್ತದೆ. ಆದರೆ ಆ ರೋಬಕ್ಸ್‌ನಲ್ಲಿ ಕೊಂಡ ಟೊಪ್ಪಿಗೆ ಆಟದಲ್ಲಿ ಬಹುಕಾಲ ಉಳಿಯುವಂಥದು. ಹಾಗಾಗಿ ದುಡ್ಡು ಕೊಡುವ ಗ್ರಾಹಕ ಸರಾಸರಿ ಎಷ್ಟು ಕಾಲ ಉಳಿಯುತ್ತಾನೆಂದು ಅಂದಾಜಿಸಿ, ಆಗ ಸುಮಾರು 23 ತಿಂಗಳು, ಅಷ್ಟರ ಮೇಲೆ ಆದಾಯವನ್ನು ಹಂಚುತ್ತಾರೆ. ಈ ಅಂದಾಜನ್ನು ಉದ್ದ ಮಾಡಿದರೆ ಇವತ್ತಿನ ಆದಾಯ ಕುಗ್ಗುತ್ತದೆ, ಗಿಡ್ಡ ಮಾಡಿದರೆ ಹಿಗ್ಗುತ್ತದೆ. ವ್ಯಾಪಾರ ಮಾತ್ರ ಅದೇ. ಆದ್ದರಿಂದ ಎರಡು ವರ್ಷಗಳ ಆದಾಯ ಹೋಲಿಸುವ ಮೊದಲು ಆ ತಿಂಗಳ ಸಂಖ್ಯೆ ಬದಲಾಗಿದೆಯೇ ನೋಡಿ. ಬುಕಿಂಗ್ಸ್ ಏರಿತೆಂದು ಕುಣಿಯುವವರಿಗೆ ಇನ್ನೊಂದು ಮಾತು: ಅದೇ ವರ್ಷ ಕಂಪನಿಯ ನಿವ್ವಳ ನಷ್ಟ ಸುಮಾರು 49 ಕೋಟಿ ಡಾಲರ್.

ಇನ್ನು ಯಂತ್ರದ ಮಾತು, ಅಂದರೆ ಈ ಲೋಕವನ್ನು ನೋಡಲು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನದು. ತಲೆ ತಿರುಗಿಸಿದ ಮೇಲೆ ದೃಶ್ಯ ಬದಲಾಗಲು 20 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅನೇಕರಿಗೆ ತಲೆಸುತ್ತು, ವಾಕರಿಕೆ. ಸೆಕೆಂಡಿಗೆ 90 ಚಿತ್ರವೆಂದರೆ ಒಂದೊಂದಕ್ಕೆ 11 ಮಿಲಿಸೆಕೆಂಡ್, ಅಷ್ಟರೊಳಗೆ ಎರಡೂ ಕಣ್ಣಿಗೆ ಬೇರೆ ಬೇರೆ ಚಿತ್ರ ಸಿದ್ಧವಾಗಬೇಕು. ಚಿಪ್ ಜೋರಾದರೆ ಬಿಸಿಯಾಗುತ್ತದೆ, ಬ್ಯಾಟರಿ ದೊಡ್ಡದಾದರೆ ಭಾರ. ಅರ್ಧ ಕಿಲೋ ತೂಕವನ್ನು ಮುಖಕ್ಕೆ ಕಟ್ಟಿಕೊಂಡು ದಿನಕ್ಕೆ ಎಂಟು ಗಂಟೆ ಕಚೇರಿ ಕೆಲಸ ಮಾಡಬಹುದೆನ್ನುವ ಪ್ರಾತ್ಯಕ್ಷಿಕೆಯನ್ನು ನಂಬಬೇಡಿ. ‘ಲಕ್ಷಾಂತರ ಜನ ಒಂದೇ ಜಾಗದಲ್ಲಿ’ ಎನ್ನುವುದನ್ನೂ ಕೆದಕಿ ನೋಡಿ. 2020ರಲ್ಲಿ ಫೋರ್ಟ್‌ನೈಟ್ ಎಂಬ ಆನ್‌ಲೈನ್ ಆಟದೊಳಗೆ ನಡೆದ ಗಾಯಕ ಟ್ರಾವಿಸ್ ಸ್ಕಾಟ್‌ನ ಸಂಗೀತ ಕಛೇರಿಗೆ ಒಂದು ಕೋಟಿಗೂ ಮೀರಿದ ಜನ ಸೇರಿದ್ದು ನಿಜ, ಆದರೆ ಸಣ್ಣ ಸಣ್ಣ ಗುಂಪುಗಳಾಗಿ, ಅದೇ ಲೋಕದ ಬೇರೆ ಬೇರೆ ಪ್ರತಿಗಳಲ್ಲಿ.

ದೊಡ್ಡವರು ಜಾಗ ಖಾಲಿ ಮಾಡಿದ್ದೂ ಉಂಟು. ಮೈಕ್ರೋಸಾಫ್ಟ್ 2023ರ ಮಾರ್ಚ್‌ನಲ್ಲಿ ಆಲ್ಟ್‌ಸ್ಪೇಸ್‌ವಿಆರ್ ಎಂಬ ತನ್ನ ವಿಆರ್ ಭೇಟಿತಾಣವನ್ನು ಮುಚ್ಚಿತು. ಡಿಸ್ನಿ ತನ್ನ ಮೆಟಾವರ್ಸ್ ತಂಡವನ್ನು ಅದೇ ತಿಂಗಳು ಕೈಬಿಟ್ಟಿತು.

ನಮ್ಮ ಬೆಂಗಳೂರಿನ ಇನ್ಫೋಸಿಸ್ ಕೂಡ 2022ರಲ್ಲಿ ಗ್ರಾಹಕ ಕಂಪನಿಗಳಿಗೆ ಮೆಟಾವರ್ಸ್ ಕೆಲಸ ಮಾಡಿಕೊಡುವ ‘ಮೆಟಾವರ್ಸ್ ಫೌಂಡ್ರಿ’ ಎಂಬ ಸೇವೆ ಘೋಷಿಸಿತು. ಆದರೆ ಅದರ ವಿಭಾಗವಾರು ಲೆಕ್ಕ ಬ್ಯಾಂಕಿಂಗ್, ಚಿಲ್ಲರೆ ಮಾರಾಟ, ತಯಾರಿಕೆ ಹೀಗೆ ಗ್ರಾಹಕರ ಉದ್ಯಮದ ಪ್ರಕಾರ ಇರುತ್ತದೆ; ಮೆಟಾವರ್ಸ್‌ಗೆ ಬೇರೆ ಸಾಲಿಲ್ಲ. ಆ ಒಂದು ಘೋಷಣೆಗಾಗಿ ಷೇರು ಕೊಂಡವರು ಕೊಂಡದ್ದು ಐಟಿ ಸೇವೆಯ ಷೇರನ್ನೇ.

ಷೇರಿನ ಬದಲು ಡಿಸೆಂಟ್ರಾಲ್ಯಾಂಡ್‌ನಂಥ ಆನ್‌ಲೈನ್ ಲೋಕಗಳಲ್ಲಿ ಎನ್‌ಎಫ್‌ಟಿ (ಒಡೆತನದ ಡಿಜಿಟಲ್ ದಾಖಲೆ) ರೂಪದ ‘ಸೈಟು’ ಕೊಳ್ಳುವವರು ತೆರಿಗೆಯನ್ನು ಮೊದಲೇ ಲೆಕ್ಕ ಹಾಕಲಿ. 2022ರ ಏಪ್ರಿಲ್‌ನಿಂದ ಭಾರತದಲ್ಲಿ ಇಂಥ ಲಾಭಕ್ಕೆ ಶೇ. 30 ತೆರಿಗೆ, ಅದರ ಮೇಲೆ ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ. ಒಂದು ಸೈಟಿನಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲೂ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೂ ಒಯ್ಯುವಂತಿಲ್ಲ.