ಮುದಿ ನಾಯಿ ಊರಲ್ಲಿ, ಮಕ್ಕಳು ಹೊರದೇಶದಲ್ಲಿ

ಉಡುಪಿ, ಮಂಗಳೂರಿನ ಕಡೆ ಎಷ್ಟೋ ಮನೆಗಳಲ್ಲಿ ಈಗ ಒಂದೇ ಸ್ಥಿತಿ. ಮಕ್ಕಳು ದುಬೈಯಲ್ಲೋ ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಊರಿನ ದೊಡ್ಡ ಮನೆಯಲ್ಲಿ ಉಳಿದಿರುವುದು ಅಪ್ಪ, ಅಮ್ಮ, ಮತ್ತು ಮಕ್ಕಳು ಕಾಲೇಜಿಗೆ ಹೋಗುತ್ತಿದ್ದಾಗ ತಂದು ಸಾಕಿದ ನಾಯಿ. ಮೂವರಿಗೂ ಒಟ್ಟಿಗೆ ವಯಸ್ಸಾಗಿದೆ. ನಾಯಿಗೆ ಗಂಟುನೋವು, ಅದನ್ನು ಎತ್ತಿ ಇಳಿಸಬೇಕಾದ ಅಮ್ಮನಿಗೂ ಮೊಣಕಾಲು ನೋವು. ಮುದಿ ನಾಯಿಯ ಆರೈಕೆಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮನೆಯಲ್ಲಿ ಗಟ್ಟಿಮುಟ್ಟಾದ ಒಬ್ಬರು ಇದ್ದೇ ಇರುತ್ತಾರೆ ಎಂದುಕೊಂಡು ಹೇಳಿದವು. ದೂರದಲ್ಲಿರುವ ನಮ್ಮಂಥವರು ನಾಯಿಯ ಜೊತೆಗೆ ಅದನ್ನು ನೋಡಿಕೊಳ್ಳುವ ಕೈಗಳ ಬಗ್ಗೆಯೂ ಯೋಚಿಸಬೇಕು.

ನಾನಿರುವುದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಉಡುಪಿಯ ಅಂಬಲಪಾಡಿಯ ನಮ್ಮ ಮನೆಯಲ್ಲಿ ನಮ್ಮ ನಾಯಿ ಬೊಗ್ಗು ಇದ್ದಾನೆ, ವಯಸ್ಸು 13. ಇಲ್ಲಿ ಸಿನಮನ್ ಟ್ರಸ್ಟ್ ಎಂಬ ಸಂಸ್ಥೆಯೊಂದಿದೆ. 1985ರಲ್ಲಿ ಶುರುವಾದ ಇದರ ಕೆಲಸವೇ ವೃದ್ಧರಿಗೆ ಮತ್ತು ಗುಣವಾಗದ ಕಾಯಿಲೆಯವರಿಗೆ ತಮ್ಮ ಸಾಕುಪ್ರಾಣಿಗಳನ್ನು ಇಟ್ಟುಕೊಳ್ಳಲು ನೆರವಾಗುವುದು. ಸ್ವಯಂಸೇವಕರು ಮನೆಗೆ ಬಂದು ನಾಯಿಯನ್ನು ತಿರುಗಾಡಿಸುತ್ತಾರೆ, ಬೇಕಾದಾಗ ವೈದ್ಯರ ಬಳಿಗೂ ಕರೆದೊಯ್ಯುತ್ತಾರೆ. ಅವರಲ್ಲಿ ನಾನೂ ಒಬ್ಬಳು. ನನ್ನ ಪಾಲಿಗೆ ಬಂದಿರುವುದು ವಾಕರ್ ಹಿಡಿದು ನಡೆಯುವ ಒಬ್ಬ ಅಜ್ಜಿಯ ಮುದಿ ಲ್ಯಾಬ್ರಡಾರ್. ಆ ಮನೆಯಲ್ಲಿ ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಹಿತ್ತಲ ಬಾಗಿಲಿಗೆ ಒಂದಕ್ಕೊಂದು ತಾಗಿಸಿ ಚಾಪೆ ಹಾಸಿದ್ದಾರೆ. ನೀರಿನ ಬಟ್ಟಲು ನೆಲದಲ್ಲಿಲ್ಲ, ಗಿಡ್ಡ ಸ್ಟೂಲಿನ ಮೇಲಿದೆ. ನಾಯಿ ಕತ್ತು ಬಗ್ಗಿಸಬೇಕಿಲ್ಲ, ತುಂಬಿಸುವ ಅಜ್ಜಿ ಸೊಂಟ ಬಗ್ಗಿಸಬೇಕಿಲ್ಲ. ಇದರಲ್ಲಿ ಯಾವುದಕ್ಕೂ ಪೌಂಡುಗಟ್ಟಲೆ ಹಣ ಬೇಕಾಗಿಲ್ಲ, ಎಲ್ಲವೂ ಉಡುಪಿಯಲ್ಲಿ ಆಗುವಂಥದ್ದೇ.

ಬೊಗ್ಗು ಏಳುವುದನ್ನು ಹತ್ತಿರದಿಂದ ವಿಡಿಯೊ ಮಾಡಿ ಕಳುಹಿಸಲು ಅಮ್ಮನಿಗೆ ಹೇಳಿದೆ. ಮೊದಲು ಮುಂಗಾಲುಗಳನ್ನು ಮುಂದಕ್ಕೆ ಚಾಚುತ್ತಾನೆ. ಉಗುರು ಟೈಲ್ಸಿನ ಮೇಲೆ ಕರಕರ ಎಂದು ಜಾರುತ್ತದೆ. ಹಿಂಗಾಲು ಹೊಟ್ಟೆಯ ಅಡಿಗೆ ಬಾರದೆ ಪಕ್ಕಕ್ಕೆ ಸರಿದು ಮತ್ತೆ ಕುಳಿತುಬಿಡುತ್ತಾನೆ. ಎರಡನೆಯ ಸಲ ಗೋಡೆಗೆ ಸೊಂಟ ಆನಿಸಿ ಏಳುತ್ತಾನೆ. ಇಷ್ಟರಲ್ಲಿ ಒಂದು ಕುಂಯ್ ಎನ್ನುವ ಸದ್ದೂ ಇಲ್ಲ. “ಅವನಿಗೆ ನೋವಿಲ್ಲ ಮಾರಾಯ್ತಿ, ವಯಸ್ಸಾಯಿತಷ್ಟೆ” ಎಂದರು ಅಮ್ಮ. ಗಂಟುನೋವಿರುವ ನಾಯಿ ಅಳುವುದು ಅಪರೂಪ. ಮೆಟ್ಟಿಲು ಹತ್ತುವುದನ್ನು ಬಿಡುತ್ತದೆ, ಒಂದೇ ಗಂಟನ್ನು ನೆಕ್ಕುತ್ತಲೇ ಇರುತ್ತದೆ, ಮುಟ್ಟಿದರೆ ಗುರ್ ಎನ್ನುತ್ತದೆ, ಮಲಗುವ ಜಾಗ ಬದಲಿಸುತ್ತದೆ. ವಯಸ್ಸಿಗೆ ಮದ್ದಿಲ್ಲದಿರಬಹುದು, ನೋವಿಗೆ ಇದೆ. ಈ ಒಂದು ಮಾತನ್ನು ಊರಿನ ಪ್ರತಿ ಮನೆಯ ಜಗಲಿಯಲ್ಲಿ ನಿಂತು ಹೇಳಬೇಕೆನಿಸುತ್ತದೆ.

ಹಾಗೆಂದು ಅಪ್ಪನ ಮಾತ್ರೆಯ ಡಬ್ಬಿಗೆ ಕೈ ಹಾಕಬಾರದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಕೂಡ ಪ್ರಮಾಣ ತಪ್ಪಿದರೆ ಯಕೃತ್ತಿಗೆ ವಿಷ. ನಾಯಿಗಳಿಗೆ ಮೆಲಾಕ್ಸಿಕಾಮ್, ಕಾರ್ಪ್ರೊಫೆನ್‌ನಂಥ ಔಷಧಗಳಿವೆ. ಅವನ್ನೂ ಪಶುವೈದ್ಯರು ತೂಕ ನೋಡಿ, ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ, ಯಕೃತ್ತು ಹೇಗಿವೆ ಎಂದು ತಿಳಿದು ಕೊಡಬೇಕು. ತುರಿಕೆಗೆಂದು ಬೇರೊಬ್ಬ ವೈದ್ಯರು ಸ್ಟೀರಾಯ್ಡ್ ಕೊಡುತ್ತಿದ್ದರೆ ಅದನ್ನು ಮೊದಲೇ ಹೇಳಬೇಕು. ಸ್ಟೀರಾಯ್ಡ್ ಮತ್ತು ನೋವಿನ ಮಾತ್ರೆ ಒಟ್ಟಿಗೆ ಹೋದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಅಪಾಯ ದೊಡ್ಡದು. ನಾಯಿಯ ಎಲ್ಲ ಚೀಟಿಗಳ ಫೋಟೊ ಮಕ್ಕಳ ಮೊಬೈಲಿನಲ್ಲಿ ಇರಬೇಕು. ದೂರದಲ್ಲಿದ್ದು ನಾವು ಮಾಡಬಹುದಾದ ಕೆಲಸಗಳಲ್ಲಿ ಇದು ಬಹಳ ಮುಖ್ಯವಾದದ್ದು.

ಗಂಟಿಗೆ ಔಷಧದಷ್ಟೇ ಮುಖ್ಯ ತೂಕ. ನಮ್ಮಲ್ಲಿ ಪ್ರೀತಿ ಎಂದರೆ ಬಡಿಸುವುದು. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಹತ್ತು ಗಂಟೆಗೆ ಅಪ್ಪನ ದೋಸೆಯಲ್ಲಿ ಅರ್ಧ, ಮಧ್ಯಾಹ್ನ ಮೀನು ಸಾರು ಕಲಸಿದ ಅನ್ನ, ಸಂಜೆ ಬಿಸ್ಕತ್ತು. ಪಕ್ಕೆಲುಬು ಕಾಣಬೇಕಾಗಿಲ್ಲ, ಆದರೆ ಕೈಯಾಡಿಸಿದರೆ ಬೆರಳಿಗೆ ಸಿಗಬೇಕು. ಸಾರಿನ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಒಣಮೀನಿನ ಉಪ್ಪು ಹೃದಯದ ತೊಂದರೆ ಇರುವ ನಾಯಿಗೆ ಕೂಡದು. ದ್ರಾಕ್ಷಿ, ಒಣದ್ರಾಕ್ಷಿ ಒಂದು ಕಾಳೂ ಬೇಡ, ಪಾಯಸದಲ್ಲಿದ್ದರೂ ಬೇಡ. ಬೂತಾಯಿ (ಸಾರ್ಡೀನ್) ಮೀನನ್ನು ಉಪ್ಪು ಖಾರ ಹಾಕದೆ ಬೇಯಿಸಿ, ಮುಳ್ಳು ತೆಗೆದು ಸ್ವಲ್ಪ ಕೊಡಬಹುದು. ಅದರ ಒಮೆಗಾ-3 ಕೊಬ್ಬು ಗಂಟಿಗೆ ಒಳ್ಳೆಯದು. ಮೂತ್ರಪಿಂಡದ ಕಾಯಿಲೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ಕೊಡಬೇಕು.

ಕರಾವಳಿಗೆ ಅದರದೇ ಕಷ್ಟಗಳಿವೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ಏದುಸಿರು ಬಿಟ್ಟು. ಗಾಳಿಯಲ್ಲೇ ಅಷ್ಟು ತೇವಾಂಶ ಇರುವಾಗ ಬಾಯಿಯ ನೀರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಏಪ್ರಿಲ್, ಮೇಯಲ್ಲಿ ಬಿಸಿಲೇರುವ ಮೊದಲೇ ತಿರುಗಾಟ ಮುಗಿಯಬೇಕು. ಮಳೆಗಾಲದಲ್ಲಿ ಗೋಣಿ ಹಾಸಿದರೆ ಜೋರು ಮಳೆಯ ಆಟಿ ತಿಂಗಳಿಡೀ ಅದು ಒಣಗುವುದೇ ಇಲ್ಲ. ಯೋಗದ ಮ್ಯಾಟ್ ಅಥವಾ ರಬ್ಬರ್ ಹಾಸು ಉತ್ತಮ, ಒರೆಸಿದರೆ ಮುಗಿಯಿತು. ಹಾಸಿಗೆಯ ಅಡಿಗೆ ಒಂದು ಹಲಗೆ ಇದ್ದರೆ ನೆಲದ ಥಂಡಿ ಏರುವುದಿಲ್ಲ. ಇಲಿಜ್ವರದ ಲಸಿಕೆಯನ್ನು “ಇನ್ನೇಕೆ” ಎಂದು ಮುದಿ ನಾಯಿಗೆ ನಿಲ್ಲಿಸುವವರಿದ್ದಾರೆ. ನೀರು ನಿಲ್ಲುವ ನಮ್ಮೂರಿನಲ್ಲಿ ಹಾಗೆ ಮಾಡಬಾರದು, ಆ ರೋಗ ಮನುಷ್ಯರಿಗೂ ಹರಡುತ್ತದೆ. ಉಣ್ಣಿ ಕಂಡರೆ ಉದಾಸೀನ ಬೇಡ. ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿಕೊಂಡ ನಾಯಿಗೆ ಉಣ್ಣಿಜ್ವರವಿರಬಹುದು. ಅದನ್ನು ಮುಪ್ಪು ಎಂದು ಬಿಟ್ಟರೆ ಗುಣವಾಗಬಹುದಾದ ನಾಯಿಯನ್ನು ಕಳೆದುಕೊಳ್ಳುತ್ತೇವೆ.

ಇದ್ದಕ್ಕಿದ್ದಂತೆ ನೀರು ಹೆಚ್ಚು ಕುಡಿಯತೊಡಗಿದರೂ ಅಷ್ಟೆ. ಮೂತ್ರಪಿಂಡ, ಸಕ್ಕರೆ ಕಾಯಿಲೆ ಏನೂ ಇರಬಹುದು. ಸಂತಾನಹರಣ ಮಾಡಿಸದ ಹೆಣ್ಣು ನಾಯಿಯಾದರೆ, ಬೆದೆ ಮುಗಿದ ಕೆಲವು ವಾರಗಳಲ್ಲಿ ಹೀಗಾದರೆ, ಗರ್ಭಕೋಶದಲ್ಲಿ ಕೀವು ತುಂಬಿರುವ ಸಾಧ್ಯತೆ ಇದೆ. ಅದು ನಾಳೆಗೆ ಮುಂದೂಡುವ ವಿಷಯವಲ್ಲ. ಕಣ್ಣಿನಲ್ಲಿ ತೆಳು ನೀಲಿ ಮಬ್ಬು ಕಂಡು ಅಮ್ಮ ಗಾಬರಿಯಾಗಿದ್ದರು. ಅದು ವಯಸ್ಸಿನ ಸಹಜ ಬದಲಾವಣೆ, ನೋಟಕ್ಕೆ ಹೆಚ್ಚು ತೊಂದರೆ ಇಲ್ಲ ಎಂದು ವೈದ್ಯರು ಪರೀಕ್ಷಿಸಿ ಹೇಳಿದರು. ರಾತ್ರಿಯಿಡೀ ಅಲೆಯುವುದು, ಮೂಲೆಯಲ್ಲಿ ಸಿಕ್ಕಿ ಗೋಡೆ ನೋಡುತ್ತ ನಿಲ್ಲುವುದು ಮಾತ್ರ ಮರೆವಿನ ಕಾಯಿಲೆಯ ಲಕ್ಷಣವಿರಬಹುದು. ಚಾವಡಿಯಲ್ಲಿ ಸಣ್ಣ ದೀಪ ಉರಿಯಲಿ, ಕುರ್ಚಿ ಮೇಜುಗಳ ಜಾಗ ಬದಲಾಗದಿರಲಿ.

ದೂರದಿಂದ ನನಗೆ ಸಾಧ್ಯವಾಗುವ ಒಂದು ಪರೀಕ್ಷೆ ಉಸಿರಿನದು. ಬೊಗ್ಗು ಗಾಢವಾಗಿ ಮಲಗಿದಾಗ ಅಮ್ಮ ಫೋನನ್ನು ಅವನ ಪಕ್ಕೆಯ ಕಡೆಗೆ ಹಿಡಿಯುತ್ತಾರೆ, ನಾನು ಗಡಿಯಾರ ನೋಡಿ ಎಣಿಸುತ್ತೇನೆ. ಪಕ್ಕೆ ಏರಿ ಇಳಿದರೆ ಒಂದು. ನಿದ್ದೆಯಲ್ಲಿ ನಿಮಿಷಕ್ಕೆ 30ರೊಳಗೆ ಇರಬೇಕು. ಅದಕ್ಕಿಂತ ಮೇಲೆಯೇ ಇರತೊಡಗಿದರೆ ಹೃದಯವನ್ನೋ ಶ್ವಾಸಕೋಶವನ್ನೋ ತೋರಿಸಬೇಕು.

ಇನ್ನು ಕೈಗಳ ವಿಷಯ. ಬೊಗ್ಗುವನ್ನು ಅಮ್ಮ ಎತ್ತಕೂಡದು ಎಂದು ನಾವು ಅಣ್ಣತಂಗಿ ಗಟ್ಟಿ ಮಾಡಿಕೊಂಡಿದ್ದೇವೆ. ಅವನ ಹೊಟ್ಟೆಯಡಿ, ಹಿಂಗಾಲಿನ ಮುಂದೆ ಹಳೆಯ ಬೈರಾಸು (ಟವೆಲು) ಹಾಯಿಸಿ ಎರಡೂ ತುದಿ ಹಿಡಿದರೆ ಅಮ್ಮ ನೆಟ್ಟಗೆ ನಿಂತೇ ಅವನಿಗೆ ಅಂಗಳದವರೆಗೆ ಆಸರೆ ಕೊಡಬಹುದು. ಪಕ್ಕದ ಬೀದಿಯ ಕಾಲೇಜು ಹುಡುಗ ಸಂಜೆ ಬಂದು ನಿಧಾನ ತಿರುಗಾಡಿಸುತ್ತಾನೆ, ಉಗುರು ಕತ್ತರಿಸುತ್ತಾನೆ. ಅವನಿಗೆ ತಿಂಗಳಿಗೆ ಇಷ್ಟೆಂದು ಸಂಬಳವೇ ಕೊಡುತ್ತೇವೆ, ಉಪಕಾರದ ಲೆಕ್ಕದಲ್ಲಿ ಇಟ್ಟರೆ ಅಪ್ಪ ಅವನನ್ನು ಕರೆಯಲು ಹಿಂಜರಿಯುತ್ತಾರೆ. ಎಷ್ಟೋ ರಿಕ್ಷಾದವರು ನಾಯಿಯನ್ನು ಹತ್ತಿಸುವುದಿಲ್ಲ. ಹತ್ತಿಸಲು ಒಪ್ಪಿದ ಒಬ್ಬರ ನಂಬರು, ಮನೆಗೆ ಬರುವ ಪಶುವೈದ್ಯರ ನಂಬರು ಫ್ರಿಡ್ಜಿನ ಬಾಗಿಲಿನಲ್ಲಿ ದೊಡ್ಡ ಅಕ್ಷರದಲ್ಲಿವೆ.

ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅಮ್ಮ ಈಗ ಬೊಗ್ಗುವಿನ ಲೆಕ್ಕವನ್ನೂ ಬರೆಯುತ್ತಾರೆ. ಚೆನ್ನಾಗಿದ್ದ ದಿನಕ್ಕೆ ಸರಿ ಗುರುತು, ಕಷ್ಟಪಟ್ಟ ದಿನಕ್ಕೆ ಅಡ್ಡಗೆರೆ. ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ ರೂಪಿಸಿದ ಅಳತೆಪಟ್ಟಿಯಲ್ಲಿ ನೋವು, ಹಸಿವು, ನೀರು, ಶುಚಿ, ಸಂತೋಷ, ಓಡಾಟ, ಒಳ್ಳೆಯ ದಿನಗಳು ಎಂಬ ಏಳು ವಿಷಯಗಳಿವೆ. ಒಂದೊಂದಕ್ಕೆ 10ರವರೆಗೆ ಅಂಕ, ಸ್ಥಿತಿ ಚೆನ್ನಾಗಿದ್ದಷ್ಟೂ ಹೆಚ್ಚು, ಒಟ್ಟು 35ಕ್ಕಿಂತ ಮೇಲಿದ್ದರೆ ಬದುಕು ಸಹನೀಯ. ಕೆಳಗಿಳಿಯತೊಡಗಿದರೆ ನೋವಿಲ್ಲದ ಕೊನೆಯ ಬಗ್ಗೆ ವೈದ್ಯರೊಡನೆ ಮಾತಾಡಬೇಕು. ನಮ್ಮಲ್ಲಿ ಇದನ್ನು ಪಾಪ ಎನ್ನುವವರಿದ್ದಾರೆ, ಅವರ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಹುಣ್ಣಾದ ಮೈಯಲ್ಲಿ ಏಳಲಾಗದೆ ವಾರಗಟ್ಟಲೆ ಬಿದ್ದಿರುವ ನಾಯಿಯ ಪಕ್ಕದಲ್ಲಿ ಸುಮ್ಮನೆ ಕಾಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ನಿದ್ದೆ ಬರಿಸಿ, ಆಮೇಲೆ ಹೃದಯ ನಿಲ್ಲಿಸುವ ಔಷಧ ಕೊಡಲು ವೈದ್ಯರನ್ನು ಕೇಳಬಹುದು. ಅಪ್ಪ ಬಹಳ ಹೊತ್ತು ಯೋಚಿಸಿ, “ಅನ್ನವನ್ನೂ ನನ್ನನ್ನೂ ಎರಡನ್ನೂ ಬಿಟ್ಟರೆ ಆಗ ನೋಡುವ” ಎಂದರು. ತೀರ್ಮಾನವನ್ನು ಅವರಿಗೇ ಬಿಟ್ಟಿದ್ದೇವೆ, ದಿನವೂ ಅವನ ಜೊತೆ ಇರುವವರು ಅವರು.

ಇಲ್ಲಿ ಬ್ಲೂ ಕ್ರಾಸ್ ಸಂಸ್ಥೆಗೆ ಫೋನ್ ಮಾಡಿದರೆ ಸಾಕುಪ್ರಾಣಿ ಕಳೆದುಕೊಂಡವರ ದುಃಖವನ್ನು ಕೂತು ಕೇಳುತ್ತಾರೆ. ಊರಿನಲ್ಲಿ “ನಾಯಿ ತಾನೆ, ಇನ್ನೊಂದು ತಂದರಾಯಿತು” ಎನ್ನುವವರೇ ಹೆಚ್ಚು. ಅಪ್ಪ ಆರು ಗಂಟೆಗೆ ಏಳುವುದೇ ಬೊಗ್ಗುವಿಗಾಗಿ. ಆ ದಿನ ಬಂದಾಗ ಬೆಳಗಿನ ಆರಕ್ಕೆ ಅವರಿಗೆ ಫೋನ್ ಮಾಡುವುದು ದುಬೈಯಲ್ಲಿರುವ ಅಣ್ಣನ ಪಾಲು, ಲೆಸ್ಟರ್‌ನಲ್ಲಿ ಆಗ ಮಧ್ಯರಾತ್ರಿ. ಮೊದಲ ವಾರ ಬಂದು ಜೊತೆಗಿರಲು ಬ್ರಹ್ಮಾವರದ ಚಿಕ್ಕಮ್ಮನಿಗೆ ಈಗಲೇ ಹೇಳಿಟ್ಟಿದ್ದೇನೆ, ಅವರು ಒಪ್ಪಿದ್ದಾರೆ.