ತಾಯಿಯ ಹೆಸರಿನ ವಿದ್ಯಾರ್ಥಿವೇತನ

‘ಪೀಕಾಕ್ ಇನ್ ದ ಪಾರ್ಕ್’ ಎಂಬ ಡ್ರ್ಯಾಗ್ ಶೋ (ಹೆಚ್ಚಾಗಿ ಗಂಡಸರು ಹೆಣ್ಣಿನ ವೇಷ ಕಟ್ಟಿ ಹಾಡಿ ಕುಣಿಯುವ ಪ್ರದರ್ಶನ) ಶುರುವಾದ ಕಥೆ ಓದಿದಾಗಿನಿಂದ ಅದೇ ತಲೆಯಲ್ಲಿ ಕೂತಿದೆ.

ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನ ವಾಷಿಂಗ್ಟನ್ ಪಾರ್ಕಿನಲ್ಲಿ 1917ರಿಂದ ಇರುವ ದೊಡ್ಡ ಗುಲಾಬಿ ತೋಟ. ಅಲ್ಲೇ ಒಂದು ಬಯಲು ರಂಗಮಂದಿರ. 1980ರ ದಶಕದ ಕೊನೆಯಲ್ಲಿ ಅಲ್ಲಿ ಈ ಶೋ ಶುರುವಾಯಿತು. ಏಡ್ಸ್ ಭಯದಲ್ಲಿ ಜನ ಗೇ ಸಮುದಾಯವನ್ನು ದೂರ ಇಡುತ್ತಿದ್ದ ಕಾಲ ಅದು. ರಾತ್ರಿ ಬಾರುಗಳ ಒಳಗೆ ನಡೆಯುತ್ತಿದ್ದ ಕಲೆ ಹಾಡುಹಗಲಲ್ಲಿ, ಎಲ್ಲರೂ ಬರುವ ಪಾರ್ಕಿಗೆ ಬಂತು. ಎಂಥ ಧೈರ್ಯ ಬೇಕು ಅಲ್ವಾ?

ಹೆಸರಿನಲ್ಲಿರುವ ನವಿಲು ಲೇಡಿ ಎಲೈನ್ ಪೀಕಾಕ್ ಎಂಬ ಡ್ರ್ಯಾಗ್ ಕಲಾವಿದೆಯದು. ಶೋನಿಂದ ಕೂಡಿಸಿದ ದುಡ್ಡು ಹೋಗುವುದು ಆಡ್ರಿಯಾ ಎಂ. ಎಡ್ವರ್ಡ್ಸ್ ವಿದ್ಯಾರ್ಥಿವೇತನ ನಿಧಿಗೆ. ಆಡ್ರಿಯಾ ಎಂದರೆ ಎಲೈನ್ ಅವರ ತಾಯಿ! ಗೇ, ಲೆಸ್ಬಿಯನ್ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಅಂಥ ಅಪ್ಪ ಅಮ್ಮಂದಿರ ಮಕ್ಕಳ ಓದಿಗೂ ಈ ದುಡ್ಡು ಸಿಗುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇದೇ. ಮನೆಯವರೇ ಹೊರಗೆ ಹಾಕಿದರೆ ಮೊದಲು ನಿಲ್ಲುವುದು ಕಾಲೇಜಿನ ಫೀಸು ತಾನೆ.

2004ರ ನಂತರ ಶೋ ನಿಂತಿತ್ತು. 2014ರಲ್ಲಿ ಮತ್ತೆ ಅದೇ ಪಾರ್ಕಿಗೆ ವಾಪಸ್ ಬಂತು.

ಯಕ್ಷಗಾನದ ಸ್ತ್ರೀವೇಷಕ್ಕೆ ರಾತ್ರಿಯಿಡೀ ಕೂತು ಚಪ್ಪಾಳೆ ತಟ್ಟುವವರು ನಾವು. ವೇಷ ಕಟ್ಟುವ ಶ್ರಮ, ಬಣ್ಣದ ಗತ್ತು ನಮಗೆ ಹೊಸದಲ್ಲ. ಆ ಗತ್ತು ಯಾರದೋ ಮಗುವಿನ ಫೀಸು ಕಟ್ಟುತ್ತಿದೆ ಅನ್ನುವುದು ನನಗೆ ತುಂಬಾ ಖುಷಿ ಕೊಟ್ಟಿತು.